ಕಂಬಂ ಕಣಿವೆಗೆ ಕೈಚೀಲದಲ್ಲಿ ಬಂದ ಸೊಸೆ

ಆ ಭಾನುವಾರವೂ ದಿಂಡಿಗಲ್‌ನ ನಮ್ಮ ಬೀದಿಯಲ್ಲಿ ಎಂದಿನ ಹಾಗೆಯೇ ಬೆಳಗಾಯಿತು. ಬೀದಿ ನಲ್ಲಿಯ ಮುಂದಿನ ಸಾಲಿನಲ್ಲಿ ನನ್ನ ಹಸಿರು ಕೊಡವನ್ನಿಟ್ಟು ಬಂದೆ. ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಎಳೆಯುವಷ್ಟರಲ್ಲಿ ಹಾಲು ಉಕ್ಕುವ ವಾಸನೆ ಬಂತು, ಓಡಿದೆ. ಯಜಮಾನರಿಗೆ ಕಾಫಿ ಕೊಟ್ಟೆ. ಮಗಳು ಸುಮಾಳ ತಲೆಗೆ ಎಣ್ಣೆ ಹಚ್ಚಿದೆ. ಇಡ್ಲಿ ಬೇಯುವಾಗ ಪಾತ್ರೆಯ ಮುಚ್ಚಳ ಟಕಟಕ ಅನ್ನುವುದನ್ನು ಕೇಳುತ್ತಾ ಸೀರೆ ಉಟ್ಟುಕೊಂಡೆ. ಅವತ್ತು ಹೊಸದಾಗಿ ಇದ್ದದ್ದು ಊಟದ ಮೇಜಿನ ಮೇಲಿನ ಗಂಟು ಒಂದೇ. ಹಳೆಯ ದುಪ್ಪಟಿಯಲ್ಲಿ ಸುತ್ತಿದ್ದ ವಿಸಿಡಿ ಪ್ಲೇಯರ್ ಅದರಲ್ಲಿತ್ತು.

ಕೊಡ ತರಲು ಹೋದಾಗ ಪಕ್ಕದ ಮನೆಯ ಸರೋಜಕ್ಕ ಸಾಲಿನಲ್ಲಿ ನಿಂತು ಏನೋ ಗುನುಗುತ್ತಿದ್ದರು. ಅವರ ಯಜಮಾನರು ಬೀಗ ಮಾಡುವವರು. ಮನೆಯಲ್ಲಿ ದಿನವಿಡೀ ಅರದ ಕರಕರ ಸದ್ದು. ಅದಕ್ಕೇ ಏನೋ, ಸರೋಜಕ್ಕನಿಗೆ ಹಾಡೆಂದರೆ ಪ್ರಾಣ. "ಆ ಪಾಟ್ಟುಕಾರಿನ ಇವತ್ತೇ ಕರ್ಕೊಂಡು ಹೋಗ್ತೀಯಾ? ಇನ್ನೊಂದು ವಾರ ಇಟ್ಕೋಬಾರದಾ?" ಎಂದು ತಮಿಳಿನಲ್ಲಿ ಕೇಳಿದರು. ಪಾಟ್ಟುಕಾರಿ ಎಂದರೆ ಹಾಡುಗಾರ್ತಿ. ನಾನು ನಕ್ಕೆ. ಪಾಪ, ವಾರದಿಂದ ಸಂಜೆಯಾದರೆ ಸಾಕು, ಒಗ್ಗರಣೆ ಕೂಡ ಅರ್ಧಕ್ಕೆ ಬಿಟ್ಟು ನಮ್ಮ ಮನೆಗೆ ಬಂದು ಕೂರುತ್ತಿದ್ದರು.

ಆ ಪೆಟ್ಟಿಗೆಯ ಕಥೆಯನ್ನು ಮೊದಲು ಹೇಳಬೇಕು. ಯಜಮಾನರ ಅಕ್ಕ ಲಕ್ಕಮ್ಮ. ನನಗೆ ಅತ್ತಿಗೆ. ಕಂಬಂ ಪೇಟೆಯಾಚೆಯ ಒಂದು ಹಳ್ಳಿಯಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದಾರೆ. ಅವರ ಒಬ್ಬನೇ ಮಗ ಗೋಪಾಲು. ವೇದಸಂದೂರಿನ ನೂಲಿನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು, ಇಂಡೋನೇಷ್ಯಾದ ಬಾಂಡುಂಗ್ ಕಡೆಯ ಒಂದು ಗಿರಣಿಗೆ ಕೆಲಸಕ್ಕೆ ಹೋದ. ಅಲ್ಲಿ ನೂಲು ಪರೀಕ್ಷಿಸುವ ವಿಭಾಗದಲ್ಲಿದ್ದ ರತ್ನ ಎಂಬ ಹುಡುಗಿಯನ್ನು ಮದುವೆಯಾದ. ಹೆಸರು ನಮ್ಮ ಕಡೆಯದೇ ಅನ್ನಿಸುತ್ತದೆ, ಹುಡುಗಿ ಮಾತ್ರ ಆ ನಾಡಿನವಳು. ಮದುವೆಯಾದ ಮೇಲೆ ಮನೆಗೆ ಹೇಳಿದ. ಅಂದಿನಿಂದ ಅತ್ತಿಗೆ ಅವನೊಂದಿಗೆ ಮಾತು ಬಿಟ್ಟರು. ಭಾನುವಾರ ಮಧ್ಯಾಹ್ನ ಅವನು ಊರಿನ ಗೊಬ್ಬರದ ಅಂಗಡಿಗೆ ಫೋನು ಮಾಡುತ್ತಾನೆ. ಅಂಗಡಿಯವರು ಹೇಳಿ ಕಳಿಸುತ್ತಾರೆ. ಅತ್ತಿಗೆ "ತೋಟದಲ್ಲಿದ್ದೀನಿ ಅನ್ನು" ಎಂದು ಮನೆಯೊಳಗಿಂದಲೇ ಹೇಳುತ್ತಾರೆ. ಹೀಗೆ ಎರಡು ವರ್ಷ ಕಳೆದಿತ್ತು.

ಈ ಸಲ ಗೋಪಾಲುವಿಗೆ ಪೊಂಗಲ್ ಹೊತ್ತಿಗೆ ರಜೆ ಸಿಕ್ಕಿತ್ತು. "ಅಮ್ಮ ತನ್ನ ಬಾಯಿಂದ ಬಾ ಅಂದರೆ ಇಬ್ಬರೂ ಬರುತ್ತೇವೆ ಮಾವ. ಈ ಭಾನುವಾರ ಮಾತಾಡಿಸಿ. ಆಮೇಲೆ ವಿಮಾನದ ಟಿಕೆಟ್ ಸಿಗುವುದಿಲ್ಲ, ರಜೆ ಇಲ್ಲೇ ಕಳೆದುಹೋಗುತ್ತದೆ" ಎಂದು ಯಜಮಾನರಿಗೆ ಫೋನಿನಲ್ಲಿ ಹೇಳಿದ್ದ. ರಜೆಗೆ ಬಂದ ಜೊತೆಗಾರನೊಬ್ಬನ ಕೈಯಲ್ಲಿ ಪ್ಲೇಯರನ್ನೂ ಸಿಡಿಗಳನ್ನೂ ಕಳಿಸಿದ್ದ. ಅವುಗಳಲ್ಲಿ ಎರಡು ಅಲ್ಲಿನ ಹಾಡುಗಳವು. ಅಲ್ಲಿ ಬಸ್ಸಿನಲ್ಲಿ, ಊಟದ ಅಂಗಡಿಯಲ್ಲಿ, ಮನೆಮನೆಯಲ್ಲಿ ಇವನ್ನೇ ಹಾಕುತ್ತಾರಂತೆ. ತೆರೆಯ ಮೇಲೆ ಹಾಡಿನ ಸಾಲು ಓಡುತ್ತದೆ, ನೋಡುವವರೂ ಜೊತೆಗೆ ಹಾಡುತ್ತಾರೆ. ಇನ್ನೊಂದು ಮದುವೆಯ ಸಿಡಿ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ತಮಿಳಿನಲ್ಲಿ "ಅಮ್ಮನಿಗೆ" ಎಂದಷ್ಟೇ ಬರೆದಿದ್ದ.

ಹಾಡಿನ ಸಿಡಿಗಳನ್ನು ನಾವು ವಾರವಿಡೀ ನೋಡಿದೆವು. ಮದುವೆಯದನ್ನು ಮುಟ್ಟಲಿಲ್ಲ. ನಮ್ಮವರಲ್ಲಿ ಒಂದು ಪದ್ಧತಿಯಿದೆ. ಹೊಸ ಸೊಸೆ ತಲೆತುಂಬ ಸೆರಗು ಹೊದ್ದು ಬರುತ್ತಾಳೆ. ಅತ್ತೆ ಅರಿಶಿನ ಸುಣ್ಣ ಕಲೆಸಿದ ಕೆಂಪು ನೀರಿನ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತು, ಸೆರಗು ಸರಿಸಿ ಮೊದಲು ತಾನು ಮುಖ ನೋಡಬೇಕು. ಆರತಿ ಎತ್ತಿದ ಮೇಲೆಯೇ ಗಂಡನ ಕಡೆಯ ಉಳಿದವರು ನೋಡುವುದು. ಗೋಪಾಲು ಇದಕ್ಕಾಗಿಯೇ ಇಷ್ಟು ದಿನ ಒಂದು ಫೋಟೋ ಕೂಡ ಯಾರಿಗೂ ಕಳಿಸಿರಲಿಲ್ಲ. "ಅಮ್ಮ ನೋಡದೆ ಯಾರೂ ನೋಡಬೇಡಿ" ಎಂದು ಹೇಳಿ ಕಳಿಸಿದ್ದ. ಅಷ್ಟು ದೊಡ್ಡ ಕಟ್ಟನ್ನು ಮುರಿದವನು ಈ ಸಣ್ಣದನ್ನು ಹಿಡಿದುಕೊಂಡಿದ್ದನಲ್ಲ ಎಂದುಕೊಂಡು ಸಿಡಿಯನ್ನು ಬೀರುವಿನಲ್ಲಿ ಎತ್ತಿಟ್ಟೆ.

ಯಜಮಾನರು ಹಿಂದೆ ಒಂದು ಸಲ ಈ ವಿಷಯ ಎತ್ತಿ ಅಕ್ಕನ ಹತ್ತಿರ ಬೈಸಿಕೊಂಡಿದ್ದರು. "ನೀನೇ ಹೋಗು. ನಿನ್ನ ಮೇಲೆ ಅವಳಿಗೆ ಕೋಪ ಬರುವುದಿಲ್ಲ" ಎಂದರು. ಪ್ಲೇಯರ್ ಮತ್ತು ಹಾಡಿನ ಸಿಡಿಗಳನ್ನು ಗಂಟಿನಲ್ಲಿಟ್ಟು, ಮದುವೆಯ ಸಿಡಿಯನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಚೀಲದೊಳಗಿಟ್ಟುಕೊಂಡು ಹೊರಟೆ.

ದಿಂಡಿಗಲ್ ಬಸ್ ನಿಲ್ದಾಣದಲ್ಲಿ ಕಂಬಂ ಬಸ್ಸು ಹೊರಡುವುದರಲ್ಲಿತ್ತು. ಟಿಕೆಟ್ಟು ಇಪ್ಪತ್ತು ಚಿಲ್ಲರೆ ರೂಪಾಯಿ, ದಾರಿ ನೂರು ಕಿಲೋಮೀಟರಿಗೆ ಮೇಲೆ. ಕಂಡಕ್ಟರು ಗಂಟನ್ನು ನೋಡಿ, "ಅಮ್ಮಾ, ಟೀವಿಯಾ?" ಎಂದರು. "ಟೀವಿ ಅಲ್ಲ, ಟೀವಿಯ ತಂಗಿ" ಎಂದೆ. ಲಗೇಜು ಕೇಳದೆ ನಗುತ್ತಾ ಮುಂದೆ ಹೋದರು. ಗಂಟನ್ನು ತೊಡೆಯ ಮೇಲಿಟ್ಟುಕೊಂಡೆ. ಕೈಚೀಲ ಅದರ ಮೇಲೆ.

ಸೆಂಬಟ್ಟಿಯಲ್ಲಿ ಹೂವಿನ ಮೂಟೆಯೊಂದಿಗೆ ಒಬ್ಬ ಹೆಂಗಸು ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಒದ್ದೆ ಗೋಣಿಯ ಸಂದಿಯಿಂದ ಮಲ್ಲಿಗೆ ಮೊಗ್ಗುಗಳು ಇಣುಕುತ್ತಿದ್ದವು. ಬಸ್ಸಿಡೀ ಪರಿಮಳ. ವತ್ತಲಗುಂಡಿನಲ್ಲಿ ಇಳಿಯುವಾಗ ಅವರು ಒಂದು ಹಿಡಿ ಮೊಗ್ಗು ತೆಗೆದು ನನ್ನ ಮಡಿಲಿಗೆ ಹಾಕಿ, "ಗಂಟನ್ನ ಮಗು ಹಿಡಿದ ಹಾಗೆ ಹಿಡ್ಕೊಂಡಿದ್ದೀಯಲ್ಲ ತಾಯಿ, ಯಾರ ಮನೆ ಶುಭಕಾರ್ಯ?" ಎಂದರು. "ಇನ್ನೂ ಗೊತ್ತಿಲ್ಲ" ಎಂದೆ. ಅವರು ವಿಚಿತ್ರವಾಗಿ ನೋಡಿ ಇಳಿದುಹೋದರು.

ಪೆರಿಯಕುಳಂ ದಾಟುವವರೆಗೂ ಬಲಕ್ಕೆ ಕೊಡೈಕಾನಲ್‌ನ ಬೆಟ್ಟಗಳು ಜೊತೆಗೆ ಬಂದವು. ಹಿಂಗಾರು ಮಳೆಯ ಕಾಲ. ತುದಿಗಳೆಲ್ಲ ಮೋಡದೊಳಗಿದ್ದವು. ಥೇಣಿಯಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ನಿಂತುಕೊಂಡೇ ಒಂದು ವಡೆ ತಿಂದು ಟೀ ಕುಡಿದೆ. ವಡೆ ಬಿಸಿಯಾಗಿತ್ತು, ಮೆಣಸು ಧಾರಾಳ. ಅಲ್ಲಿಂದ ಮುಂದೆ ಕಣಿವೆ. ಚಿನ್ನಮನೂರು, ಉತ್ತಮಪಾಳಯ ಕಳೆಯುತ್ತಿದ್ದಂತೆ ಗದ್ದೆ, ತೆಂಗು, ಅವುಗಳ ನಡುವೆ ಕಲ್ಲುಕಂಬಗಳ ಮೇಲೆ ಹಬ್ಬಿದ ದ್ರಾಕ್ಷಿಯ ಚಪ್ಪರಗಳು. ತುಂತುರು ಹನಿಯತೊಡಗಿತು. ಕಿಟಕಿಯ ತಗಡು ಇಳಿಸಲು ಮನಸ್ಸಾಗದೆ, ಸೆರಗನ್ನು ಕೈಚೀಲದ ಮೇಲೆ ಹೊದಿಸಿದೆ. ನಾನು ಹುಟ್ಟಿದ್ದು ಇದೇ ಕಣಿವೆಯ ಕನ್ನಡದ ಮನೆಯೊಂದರಲ್ಲಿ. ಅಪ್ಪನಿಗೆ ಬೆಂಗಳೂರಿನ ಬಟ್ಟೆ ಗಿರಣಿಯಲ್ಲಿ ಕೆಲಸವಿದ್ದುದರಿಂದ ಓದಿದ್ದು ಅಲ್ಲಿನ ಕಾನ್ವೆಂಟಿನಲ್ಲಿ. ಸಿಸ್ಟರುಗಳು ಕಲಿಸಿದ ಅಚ್ಚಿನ ಕನ್ನಡದಲ್ಲಿ ಇದನ್ನು ಬರೆಯುತ್ತಿದ್ದೇನೆ. ಅತ್ತಿಗೆಯ ಊರಿನಲ್ಲಿ ಕೇಳುವುದು ಬೇರೆಯ ಕನ್ನಡ. ನನ್ನ ಅಜ್ಜಿ ಆಡುತ್ತಿದ್ದದ್ದು, ಅರ್ಧ ದಾರಿಯಲ್ಲಿ ತಮಿಳಿಗೆ ಹೊರಳಿ ಮತ್ತೆ ಮರಳಿ ಬರುವಂಥದ್ದು.

ಕಂಬಂನಲ್ಲಿ ಇಳಿದು ಷೇರ್ ಆಟೋದಲ್ಲಿ ಹಳ್ಳಿ ಸೇರಿದಾಗ ಅತ್ತಿಗೆ ಮನೆಯ ಹಿಂದಿನ ದ್ರಾಕ್ಷಿ ಚಪ್ಪರದ ಕೆಳಗಿದ್ದರು. ಗೊಂಚಲು ಹಿಡಿದು, ಒಡೆದ ಹಣ್ಣುಗಳನ್ನು ಸಣ್ಣ ಕತ್ತರಿಯಿಂದ ತೆಗೆದು ಬುಟ್ಟಿಗೆ ಜೋಡಿಸುತ್ತಿದ್ದರು. ಭಾವ ಹಿಂದಿನ ದಿನವೇ ಹಣ್ಣಿನ ಲಾರಿಯ ಜೊತೆ ಕೇರಳದ ಕಡೆ ಹೋಗಿದ್ದರಂತೆ.

"ಬಾಮ್ಮಾ ಬಾ. ಏನ್ ಒಬ್ಳೇ ಬಂದೆ? ನನ್ ತಮ್ಮ ಬಯಪಟ್ನಾ?"

"ಗಿರಣೀಲಿ ಲೆಕ್ಕ ಇದೆ ಅಂದರು, ಅತ್ತಿಗೆ."

"ಅಕ್ಕನ್ ಮೊಕ ನೋಡ್ಬೇಕಾದಾಗೆಲ್ಲ ಅವ್ನಿಗೆ ಲೆಕ್ಕ ಬತ್ತದೆ." ಕತ್ತರಿ ನಿಲ್ಲಲಿಲ್ಲ. "ಆ ಗಂಟ್ನಾಗೆ ಏನು?"

"ಗೋಪಾಲು ಕಳಿಸಿದ್ದು. ಸಿನಿಮಾ ತೋರಿಸೋ ಪೆಟ್ಟಿಗೆ. ಅಲ್ಲಿನ ಹಾಡಿದೆ. ಅವನ ಮದುವೆನೂ ಇದೆ."

ಈಗ ಕತ್ತರಿ ನಿಂತಿತು. ಅತ್ತಿಗೆ ಚಪ್ಪರವನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. "ಸೊಸೆ ಮೊಕ ನಾನ್ ನೋಡ್ಬೇಕಾದ್ದು ನನ್ ಬಾಗ್ಲಾಗೆ. ಪೆಟ್ಟಿಯಾಗಲ್ಲ. ನಂಗೆ ಸೊಸೆನೂ ಇಲ್ಲ, ಬಿಡು. ಸೋರು ಬೆಂದೈತೆ, ಮೊದ್ಲು ಉಣ್ಣು." ಎದ್ದು ಒಳಗೆ ಹೋದರು. ಆದರೆ ಹೋಗುವಾಗ ಗಂಟನ್ನು ಮಳೆಹನಿ ಬೀಳದ ಕಡೆ ಸರಿಸಿಟ್ಟರು. ನಾನು ಅದನ್ನು ಗಮನಿಸಿದೆ.

ಹಾಡನ್ನಾದರೂ ತೋರಿಸೋಣ, ಮನಸ್ಸು ಇಳಿಯಬಹುದು ಎಂದುಕೊಂಡು ನಾನೇ ಗಂಟು ಬಿಚ್ಚಿದೆ. ಅಲ್ಲೇ ತೊಡಕಾಯಿತು. ಅತ್ತಿಗೆಯ ಟೀವಿ ಮರದ ಬಾಗಿಲಿರುವ ಹಳೆಯ ಕಾಲದ್ದು. ಅದರ ಬೆನ್ನಿನಲ್ಲಿ ಕೇಬಲ್ ವಯರು ಚುಚ್ಚುವ ತೂತೊಂದು ಬಿಟ್ಟರೆ ಬೇರೇನೂ ಇಲ್ಲ. ಕೆಂಪು, ಬಿಳಿ, ಹಳದಿ ವಯರುಗಳನ್ನು ಕೈಯಲ್ಲಿ ಹಿಡಿದು ಟೀವಿಯ ಸುತ್ತ ಪ್ರದಕ್ಷಿಣೆ ಹಾಕಿದೆ. ನಮ್ಮ ಮನೆಯಲ್ಲಿ ಇದ್ದ ಹಾಗೆ ಎಲ್ಲ ಕಡೆ ಇರುತ್ತದೆ ಎಂದುಕೊಂಡು ನೂರು ಕಿಲೋಮೀಟರು ಹೊತ್ತು ತಂದಿದ್ದೆ. ಅತ್ತಿಗೆ ಅಡುಗೆಮನೆಯ ಬಾಗಿಲಿನಿಂದ, "ಕಾನ್ವೆಂಟ್ನಾಗೆ ಇದ್ನ ಹೇಳ್ಕೊಡ್ಲಿಲ್ವಾ?" ಎಂದರು.

ಕೇಬಲ್ ಟೀವಿಯ ಸೆಲ್ವನನ್ನು ಕರೆಸಿದ್ದೂ ಅವರೇ. ಸೆಲ್ವ ಟೀವಿಯ ಬೆನ್ನು ನೋಡಿ ತಲೆಯಾಡಿಸಿದ. "ಲಕ್ಕಕ್ಕಾ, ನಿನ್ ಟೀವಿಗೆ ಈ ವಯರ್ ಹೊಂದಾಕಿಲ್ಲ. ಪೆಟ್ಟಿ ನನ್ ರೂಮ್ನಾಗೆ ಹಾಕಿ ನಮ್ ಲೋಕಲ್ ಚಾನಲ್ನಾಗೆ ಬಿಟ್ರೆ ಇಲ್ಲಿ ಬತ್ತದೆ. ಮೊದ್ಲು ಟೆಸ್ಟ್ ಮಾಡ್ತೀನಿ." ಗೋಪಾಲು ಕಳಿಸಿದ ಪೆಟ್ಟಿಗೆ ಎಂದು ಬೀದಿಗೆಲ್ಲ ಹೇಳುತ್ತಾ ಪ್ಲೇಯರನ್ನೂ ಹಾಡಿನ ಸಿಡಿಗಳನ್ನೂ ಎತ್ತಿಕೊಂಡು ಹೋದ. ಮದುವೆಯ ಸಿಡಿ ನನ್ನ ಚೀಲದಲ್ಲೇ ಉಳಿಯಿತು. ಅತ್ತಿಗೆ ಒಪ್ಪದೆ ಅದನ್ನು ಹೊರಗೆ ತೆಗೆಯುವುದಿಲ್ಲ ಎಂದು ನಿಶ್ಚಯಿಸಿದ್ದೆ.

ಲೋಕಲ್ ಚಾನಲ್ ಎಂದರೆ ಊರಿನ ಎಲ್ಲ ಮನೆಗಳಿಗೂ ಹೋಗುತ್ತದೆ ಎಂಬುದು ಆ ಹೊತ್ತಿನಲ್ಲಿ ನನಗಾಗಲಿ ಅತ್ತಿಗೆಗಾಗಲಿ ಹೊಳೆಯಲೇ ಇಲ್ಲ. ನಾವು ಟೀವಿ ಹಾಕದೆ ಅಡುಗೆಮನೆಯಲ್ಲಿ ಊಟಕ್ಕೆ ಕುಳಿತೆವು. ಹುರುಳಿಯ ರಸ, ಬಾಳೆಕಾಯಿ ಪಲ್ಯ. ಎರಡನೇ ಸಲ ರಸ ಹಾಕಿಸಿಕೊಳ್ಳುವಾಗ ಎದುರುಮನೆಯ ಚೆಲ್ಲಕ್ಕ ಸೆರಗು ಕಟ್ಟಿಕೊಂಡು ಓಡಿ ಬಂದರು.

"ಲಕ್ಕಕ್ಕಾ! ಇಲ್ಲಿ ಸೋರ್ ಉಣ್ತಾ ಕೂತೀಯಾ? ಅಲ್ಲಿ ನಿನ್ ಸೊಸೆ ಟೀವಿಗೆ ಬಂದವ್ಳೆ! ಸಮುದ್ರದ ದಡ್ದಾಗೆ ನಿಂತ್ಕೊಂಡು ಏನ್ ಪಾಟ್ಟು ಹಾಡ್ತಾವ್ಳೆ, ಐಯೋ!"

ಅತ್ತಿಗೆಯ ತುತ್ತು ಕೈಯಲ್ಲೇ ನಿಂತಿತು.

"ಯಾರ್ ಯಾರ್ ನೋಡ್ತಾವ್ರೆ?"

"ಊರೇ ನೋಡ್ತೈತೆ. ಟೀ ಅಂಗಡೀಲಿ ನಿಲ್ಲಕ್ಕೆ ಎಡ ಇಲ್ಲ!"

ಎರಡು ವರ್ಷದಿಂದ ಸೊಸೆಯೇ ಇಲ್ಲ ಎನ್ನುತ್ತಿದ್ದ ನಮ್ಮತ್ತಿಗೆ ಎಂಜಲು ಕೈಯಲ್ಲೇ ಬೀದಿಗೆ ಬಂದರು. "ನಿಲ್ಸ್ರೇ! ಟೀವಿ ಆರ್ಸ್ರೇ ಎಲ್ರೂ! ಅತ್ತೆ ನಾನ್ ನೋಡಿಲ್ಲ, ನೀವ್ ಯಾರ್ರೇ ನನ್ ಸೊಸೆ ಮೊಕ ನೋಡಕ್ಕೆ?" ಅವರ ದನಿ ಕೇಳಿ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಒಂದು ಮನೆಯಲ್ಲಿ ನಿಜವಾಗಿಯೂ ಟೀವಿ ಆರಿತು. ಉಳಿದವುಗಳಿಂದ ಆ ಇಂಪಾದ ದನಿ ಬರುತ್ತಲೇ ಇತ್ತು. ವಾರವಿಡೀ ನನ್ನ ಮನೆಯಲ್ಲಿ ಕೇಳಿದ್ದ ಹಾಡು.

ಹೆಂಗಸರು ಸುತ್ತ ಸೇರಿದರು. "ಪಾಟ್ಟಿಗೊಂದು ವೇಸ ಹಾಕ್ತಾವ್ಳೆ ಲಕ್ಕಕ್ಕಾ. ಒಂದ್ರಾಗೆ ಗುಂಗುರು ಕೂದ್ಲು, ಇನ್ನೊಂದ್ರಾಗೆ ಮಾರುದ್ದ ಜಡೆ" ಎಂದರು ಒಬ್ಬರು. "ಮೂಗೂ ಬೇರೆ ಆದಂಗೈತೆ" ಎಂದರು ಇನ್ನೊಬ್ಬರು, ಸ್ವಲ್ಪ ಸಂಶಯದಿಂದ. ಚೆಲ್ಲಕ್ಕ, "ಕೆಳ್ಗೆ ಇಂಗ್ಲಿಷ್ನಾಗೆ ಬರ್ದು ಬರ್ದು ಓಡ್ತೈತೆ. ಅತ್ತೆಗೆ ಏನೋ ಸೇದಿ ಹೇಳ್ತಾವ್ಳೆ, ಪಾವಂ" ಎಂದರು. ಸೇದಿ ಎಂದರೆ ಸುದ್ದಿ.

ಅತ್ತಿಗೆ ಜಗಲಿಯ ಮೇಲೆ ಕುಸಿದು ಕುಳಿತರು. ಬೈಗುಳ ಮುಗಿದಿತ್ತು. "ಮಗ ಕೇಳ್ದೆ ತಾಲಿ ಕಟ್ದ. ಮೊಕ ನೋಡೋದು ಒಂದಾದ್ರೂ ನಂಗೆ ಉಳ್ದಿತ್ತು. ಅದ್ನೂ ಊರು ತಗೊಂಡ್ಬಿಡ್ತು" ಎಂದರು. ಕಣ್ಣು ತುಂಬಿತ್ತು. ಅಂದರೆ ಅವರು ಇಷ್ಟು ದಿನ ಅದನ್ನು ಎತ್ತಿಟ್ಟುಕೊಂಡಿದ್ದರು. ಬೇಡ ಬೇಡ ಎನ್ನುತ್ತಲೇ ಎತ್ತಿಟ್ಟುಕೊಂಡಿದ್ದರು.

ನಾನು ಒಳಗೆ ಹೋಗಿ ಕೈಚೀಲ ತಂದೆ. ಕರವಸ್ತ್ರ ಬಿಡಿಸದೆ, ಅವರ ಪಕ್ಕದಲ್ಲಿ ಕುಳಿತು ಹೇಳಿದೆ. "ಅತ್ತಿಗೆ, ಟೀವಿಯಲ್ಲಿ ಹಾಡ್ತಿರೋರು ಆ ದೇಶದ ಪಾಟ್ಟುಕಾರಿಯರು. ಒಬ್ಬಳಲ್ಲ, ನಾಲ್ಕೈದು ಜನ. ನಿಮ್ಮ ಸೊಸೆ ಇನ್ನೂ ನನ್ನ ಚೀಲದಲ್ಲೇ ಇದ್ದಾಳೆ. ಯಾರೂ ನೋಡಿಲ್ಲ."

ಅತ್ತಿಗೆ ಚೀಲವನ್ನು ನೋಡಿದರು. "ನೀನೂ ನೋಡಿಲ್ವಾ?"

"ಇಲ್ಲ. ನಿಮ್ಮ ತಮ್ಮನೂ ನೋಡಿಲ್ಲ. ಅಮ್ಮ ನೋಡದೆ ಯಾರೂ ನೋಡಬೇಡಿ ಅಂತ ಗೋಪಾಲು ಹೇಳಿ ಕಳಿಸಿದ್ದಾನೆ."

"ಅವನ್ಗೆ ಅದು ಗ್ಯಾಪಕ ಐತಾ?" ಎಂದರು ಮೆಲ್ಲಗೆ. ಗ್ಯಾಪಕ ಎಂದರೆ ನೆನಪು. ಕೈಯಲ್ಲಿ ಒಣಗಿದ್ದ ಅನ್ನದ ಅಗುಳುಗಳನ್ನು ಆಗ ನೋಡಿಕೊಂಡರು. ಎದ್ದು ಕೈ ತೊಳೆದು ಒಳಗೆ ಹೋದರು. ಹಿತ್ತಾಳೆ ತಟ್ಟೆಯ ಸದ್ದು ಕೇಳಿಸಿತು. ಬಂದಾಗ ಸೀರೆ ಬದಲಾಗಿತ್ತು. ಕೈಯಲ್ಲಿ ಕೆಂಪು ನೀರಿನ ತಟ್ಟೆ, ಅದರ ನಡುವೆ ವೀಳ್ಯದೆಲೆಯ ಮೇಲೆ ಕರ್ಪೂರ. "ನಡಿ" ಎಂದರು.

ಸೆಲ್ವನ ರೂಮು ಗೊಬ್ಬರದ ಅಂಗಡಿಯ ಮಾಳಿಗೆಯಲ್ಲಿತ್ತು. ಮಳೆಗೆ ಒದ್ದೆಯಾದ ಕಬ್ಬಿಣದ ಮೆಟ್ಟಿಲು. ನೀರು ತುಳುಕದಂತೆ ಅತ್ತಿಗೆ ಮುಂದೆ, ಚೀಲ ಅವುಚಿಕೊಂಡು ನಾನು ಹಿಂದೆ, ನಮ್ಮ ಹಿಂದೆ ಬೀದಿಯ ಹೆಂಗಸರು. ಅತ್ತಿಗೆ ಅರ್ಧ ಮೆಟ್ಟಿಲಲ್ಲಿ ತಿರುಗಿ, "ಎಲ್ರೂ ಅಲ್ಲೇ ನಿಲ್ರಿ. ಕರ್ದಾಗ ಬರೋದು" ಎಂದರು.

ಒಳಗೆ ವಯರುಗಳ ಕಾಡು. ಅದರ ನಡುವೆ ಒಂದು ಚಿಕ್ಕ ಟೀವಿ, ನಮ್ಮ ಪ್ಲೇಯರ್. ಸೆಲ್ವ ಸಿಡಿಯನ್ನು ಅಂಗಿಯ ಚುಂಗಿಗೆ ಒರೆಸಿ ಒಳಗಿಟ್ಟ. ಅವನು ಗುಂಡಿ ಒತ್ತುವ ಮೊದಲು ಅತ್ತಿಗೆ ಕೇಳಿದರು. "ಲೇ, ಇದು ಊರಿಗೆ ಹೋಗ್ತೈತಾ?"

"ಇಲ್ಲಕ್ಕಾ, ಲೈನ್ ಕಳ್ಚಿದ್ದೀನಿ. ಇಲ್ಲಿ ಮಾತ್ರ."

"ಹಂಗಾದ್ರೆ ಒತ್ತಿ, ಗೋಡೆ ಕಡೆ ತಿರುಕ್ಕೋ."

"ನಾನಾ?"

"ನೀನೇ. ನೀನ್ ಅವ್ಳಿಗೆ ಅತ್ತೆಯಾ?"

ಸೆಲ್ವ ಒತ್ತಿ, ಗೋಡೆಯ ಕಡೆ ತಿರುಗಿ ಕೈಕಟ್ಟಿ ನಿಂತ. ನಾನೂ ಕಿಟಕಿಯ ಕಡೆ ತಿರುಗಿದೆ. ಕಿಟಕಿಯ ಗಾಜಿನಲ್ಲಿ ಅತ್ತಿಗೆಯ ಮುಖ ಮಸುಕಾಗಿ ಕಾಣುತ್ತಿತ್ತು. ಟೀವಿಯ ಬೆಳಕು ಅದರ ಮೇಲೆ ಹಳದಿಯಾಗಿ, ಬಿಳಿಯಾಗಿ ಆಡುತ್ತಿತ್ತು. ಮೊದಲು ಯಾವುದೋ ವಾದ್ಯದ ಸದ್ದು, ತಂಬಿಗೆಗಳನ್ನು ಮೆಲ್ಲನೆ ಬಾರಿಸಿದ ಹಾಗೆ. ಆಮೇಲೆ ಜನರ ಗುಜುಗುಜು. ಸೆಲ್ವ, "ಆಯ್ತಾ ಅಕ್ಕಾ?" ಎಂದ. "ಇರು ಲೇ, ಇನ್ನೂ ತಲೆ ಬಗ್ಗಿಸ್ಕೊಂಡವ್ಳೆ" ಎಂದರು. ಆಮೇಲೆ ಗಾಜಿನಲ್ಲಿ ಕರ್ಪೂರದ ಜ್ವಾಲೆ ಎದ್ದಿತು, ತಟ್ಟೆ ಮೂರು ಸುತ್ತು ತಿರುಗಿತು.

"ಬಾ, ನೀನೂ ನೋಡು" ಎಂದರು. ದನಿ ಬೇರೆಯಾಗಿತ್ತು.

ತಿರುಗಿ ನೋಡಿದೆ. ಎಳೆ ತೆಂಗಿನ ಗರಿಗಳ ಕಮಾನು, ಅದರ ಕೆಳಗೆ ಗೋಪಾಲು, ಪಕ್ಕದಲ್ಲಿ ಪುಟ್ಟ ದುಂಡುಮುಖದ ಹುಡುಗಿ. ಚೆಲುವೆ ಎನ್ನುವಂಥವಳಲ್ಲ. ನಕ್ಕರೆ ಒಂದು ಹಲ್ಲು ಇನ್ನೊಂದರ ಮೇಲೆ ಏರಿದ್ದು ಕಾಣುತ್ತಿತ್ತು. ತುರುಬಿನಿಂದ ಎದೆಯವರೆಗೆ ಇಳಿಬಿದ್ದ ಮಲ್ಲಿಗೆ ಸರಗಳು. ಹಿರಿಯರು ಅಕ್ಕಿ ಅರಿಶಿನ ಚೆಲ್ಲಿದರು. ಹುಡುಗಿ ನೆಲದ ಮೇಲೆ ಕುಳಿತು ಗೋಪಾಲುವಿನ ಪಾದಕ್ಕೆ ನೀರು ಹೊಯ್ದಳು. "ನಮ್ಮಂಗೇ ಮಾಡ್ತಾರಲ್ಲೇ" ಎಂದರು ಅತ್ತಿಗೆ, ನನ್ನ ತೋಳು ಹಿಡಿದು.

ಆಮೇಲೆ ಇಬ್ಬರೂ ಹಿರಿಯರ ಮುಂದೆ ಒಬ್ಬೊಬ್ಬರಾಗಿ ಮೊಣಕಾಲೂರಿ, ಅವರ ಮೊಣಕಾಲಿಗೆ ಹಣೆ ಹಚ್ಚಿ ಆಶೀರ್ವಾದ ಬೇಡಿದರು. ಹುಡುಗಿಯ ಅಪ್ಪ ಅಮ್ಮ ಆಯಿತು. ಅವರ ಪಕ್ಕದಲ್ಲಿ ಇನ್ನೆರಡು ಕುರ್ಚಿಗಳಿದ್ದವು. ಅವುಗಳಲ್ಲಿ ಯಾರೂ ಇರಲಿಲ್ಲ. ಒಂದರ ಮೇಲೆ ಮಡಿಸಿದ ಟವೆಲು. ಇನ್ನೊಂದರ ಮೇಲೆ ಒಂದು ಸುಂಗುಡಿ ಸೀರೆ. ನೇರಳೆ ಬಣ್ಣದ ಮೇಲೆ ಬಿಳಿ ಚುಕ್ಕೆ, ನಮ್ಮ ದಿಂಡಿಗಲ್ ಪಕ್ಕದ ಚಿನ್ನಾಳಪಟ್ಟಿಯದು.

"ಅದು ನಂದು" ಎಂದರು ಅತ್ತಿಗೆ. "ಅವ್ನು ಹೋಗುವಾಗ ಅದ್ರಾಗೆ ಉಪ್ಪಿನ್ಕಾಯಿ ಜಾಡಿ ಸುತ್ತಿಕೊಟ್ಟಿದ್ದೆ. ಅಂಚು ಹರ್ದೋಗಿದ್ದು."

ರತ್ನ ಆ ಬರಿ ಕುರ್ಚಿಯ ಮುಂದೆ ಮೊಣಕಾಲೂರಿದಳು. ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಒತ್ತಿಕೊಂಡಳು. ಹಾಗೇ ಬಹಳ ಹೊತ್ತು ಇದ್ದಳು. ಯಾರೋ ಅವಳ ಭುಜ ಮುಟ್ಟಿ ಏಳಿಸಬೇಕಾಯಿತು. ಸಿಡಿ ಅಲ್ಲಿ ಒಂದು ಸಲ ತಡವರಿಸಿ ನಿಂತು, ಮತ್ತೆ ಓಡಿತು. ಅತ್ತಿಗೆ ತಮ್ಮ ಸೆರಗಿನಿಂದ ಕಣ್ಣನ್ನಲ್ಲ, ಟೀವಿಯ ಗಾಜನ್ನು ಒರೆಸಿದರು.

"ಅಕ್ಕಾ, ಕಾಲ್ ನೋಯ್ತಾ ಐತೆ" ಎಂದ ಸೆಲ್ವ ಗೋಡೆಗೆ.

"ತಿರುಗು. ಮೊದ್ಲಿಂದ ಹಾಕಿ ಈಗ ಊರಿಗೆ ಬಿಡು. ನೋಡ್ಲಿ ಎಲ್ರೂ."

ಅಷ್ಟರಲ್ಲಿ ಕೆಳಗಿನಿಂದ ಗೊಬ್ಬರದ ಅಂಗಡಿಯ ಪಾಂಡಿ ಅಣ್ಣಾಚಿ ಕೂಗಿದರು. ವಾಡಿಕೆಯಂತೆ ಕೂಗಿದರೇ ಹೊರತು ಅವರಿಗೆ ಭರವಸೆಯೇನೂ ಇದ್ದಂತಿರಲಿಲ್ಲ. "ಲಕ್ಕಮ್ಮಾ, ಗೋಪಾಲು ಲೈನಲ್ಲಿ. ತೋಟದಲ್ಲಿ ಇದೀಯ ಅನ್ಲಾ?"

ಅತ್ತಿಗೆ ಮೆಟ್ಟಿಲಿಳಿದರು. ಕೆಂಪು ನೀರನ್ನು ಅಂಗಡಿಯ ಮೂಲೆಯಲ್ಲಿ ಬೀದಿಗೆ ಚೆಲ್ಲಿ, ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಫೋನು ತೆಗೆದುಕೊಂಡರು. ಗೊಬ್ಬರದ ಮೂಟೆಗಳ ನಡುವೆ ನಾವೆಲ್ಲ ಒತ್ತಿಕೊಂಡು ನಿಂತಿದ್ದೆವು. ಫೋನಿನಾಚೆಯಿಂದ "ಅಮ್ಮಾ? ಅಮ್ಮಾ?" ಎನ್ನುವುದು ನಮಗೂ ಕೇಳುತ್ತಿತ್ತು.

"ಏನ್ಲಾ," ಎಂದರು ಅತ್ತಿಗೆ. ಎರಡು ವರ್ಷದ ಮೇಲೆ ಮಗನೊಂದಿಗೆ ಆಡಿದ ಮೊದಲ ಮಾತು. "ಬುದ್ಧಿ ಐತಾ ನಿಂಗೆ? ಆ ಮಗೂನ ಬರೀ ನೆಲದಾಗೆ ಮಂಡಿ ಹಾಕ್ಸಿದ್ದೀಯಲ್ಲ, ಒಂದ್ ಜಮಖಾನ ಸಿಗ್ಲಿಲ್ವಾ ಆ ದೇಸದಾಗೆ? ನನ್ ಹರ್ದ ಸೀರೆ ಸಾವ್ರ ಜನದ್ ಮುಂದೆ ಇಟ್ಟಿದ್ದೀಯಾ... ಅಳ್ಬೇಡ. ಅಳ್ಬೇಡ ಅಂದೆ. ಫೋನ್ನಾಗೆ ಅಳೋರು ಉಂಟಾ? ಪೊಂಗಲಿಗೆ ಕರ್ಕೊಂಡು ಬಾ. ಆ ಸೀರೆನೂ ತಗೊಂಡ್ ಬಾ, ಹೊಲ್ದು ಕೊಡ್ತೀನಿ. ಅವ್ಳಿಗೆ ಬೇರೆ ಹೊಸ್ದು ಎತ್ತಿಟ್ಟಿರ್ತೀನಿ. ಏನ್ ಬಣ್ಣ ಬೇಕು, ಕೇಳು."

ಕೇಳಿ ಹೇಳುವಷ್ಟು ಹೊತ್ತು ಲೈನು ಉಳಿಯಲಿಲ್ಲ. ಅತ್ತಿಗೆ ಫೋನನ್ನು ಇಟ್ಟು, "ಬೆಳ್ಳಗೆ ಇರೋಳಿಗೆ ನೇರ್ಳೆನೇ ಸರಿ" ಎಂದು ತಾವೇ ತೀರ್ಮಾನಿಸಿದರು.

ನಾನು ಹೊರಡಬೇಕಿತ್ತು, ಬೀದಿ ಬಿಡಲಿಲ್ಲ. ಮದುವೆ ಮುಗಿದದ್ದೇ ಟೀ ಅಂಗಡಿಯವರು ಪಾಟ್ಟು ಹಾಕು ಎಂದು ಸೆಲ್ವನಿಗೆ ಹೇಳಿ ಕಳಿಸಿದರು. ಅತ್ತಿಗೆಯ ಮನೆಯ ಮುಂದಿನ ಕೋಣೆ ತುಂಬಿಹೋಯಿತು. ಕೆಳಗೆ ಓಡುವ ಅಕ್ಷರ ಓದಲು ನನ್ನನ್ನು ಟೀವಿಯ ಪಕ್ಕ ನಿಲ್ಲಿಸಿದರು. ಇಂಡೋನೇಷ್ಯಾದ ಭಾಷೆಯನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ, ಓದುವುದೇನೂ ಕಷ್ಟವಲ್ಲ. ಅರ್ಥವೊಂದು ಬಿಟ್ಟು ಉಳಿದದ್ದೆಲ್ಲ ನನಗೆ ಬರುತ್ತಿತ್ತು. ನಾನು ಒಂದು ಸಾಲು ಹೇಳುವುದು, ಹೆಂಗಸರು ಎಳೆದು ಹಾಡುವುದು. ಸುಗ್ಗಿಯ ಪದದ ಧಾಟಿ ಅದಕ್ಕೆ ಹೇಗೋ ಬಂದು ಕೂಡಿತು. "ಇಬು" ಎಂಬ ಮಾತು ಮತ್ತೆ ಮತ್ತೆ ಬಂದಾಗ ಚೆಲ್ಲಕ್ಕ ಏನೆಂದು ಕೇಳಿದರು. ಹಾಗೆಂದರೆ ಅಮ್ಮ ಎಂದು ಗೋಪಾಲು ಫೋನಿನಲ್ಲಿ ನಮ್ಮ ಸುಮಾಗೆ ಹೇಳಿಕೊಟ್ಟಿದ್ದ. ಹೇಳಿದೆ. ಅತ್ತಿಗೆ ದ್ರಾಕ್ಷಿ ಬುಟ್ಟಿಗೆ ಹುಲ್ಲು ಹಾಸುತ್ತಿದ್ದವರು ತಲೆಯೆತ್ತದೆ ಆ ಒಂದು ಮಾತನ್ನು ಮಾತ್ರ ಜೊತೆಗೆ ಹಾಡಿದರು.

ಪ್ಲೇಯರನ್ನು ಬಿಟ್ಟು ಬಂದೆ. ಅದು ಹಗಲು ಅತ್ತಿಗೆಯ ಮನೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂರುವುದು, ಸಂಜೆ ಸೆಲ್ವನ ಮಾಳಿಗೆಗೆ ಹೋಗುವುದು ಎಂದು ತೀರ್ಮಾನವಾಗಿತ್ತು. ಕಂಬಂನಿಂದ ಬಸ್ಸು ಹೊರಟಾಗ ಮಳೆ ನಿಂತಿತ್ತು. ಚಪ್ಪರಗಳಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ತೊಡೆಯ ಮೇಲೆ ಗಂಟಿನ ಬದಲು ದ್ರಾಕ್ಷಿಯ ಬುಟ್ಟಿ. ಕೈಚೀಲ ಹಗುರವಾಗಿತ್ತು. ಥೇಣಿ ದಾಟಿದ ಮೇಲೆ ಒಮ್ಮೆ ಹಿಂದಿರುಗಿ ನೋಡಿದೆ. ಕಣಿವೆಯ ಬಾಯಿಗೆ ಮೋಡ ಮುಚ್ಚಿತ್ತು. ಅದರೊಳಗೆ ಎಲ್ಲೋ ಇಷ್ಟು ಹೊತ್ತಿಗೆ ಎಲ್ಲರ ಮನೆಯಲ್ಲೂ ಆ ಹಾಡು ಓಡುತ್ತಿರಬೇಕು.

ದಿಂಡಿಗಲ್ ಸೇರಿದಾಗ ದೀಪ ಹಚ್ಚುವ ಹೊತ್ತು. ಯಜಮಾನರು ಬಾಗಿಲಲ್ಲೇ ನಿಂತಿದ್ದರು. "ಬರ್ತಾರೆ, ಇಬ್ಬರೂ" ಎಂದೆ. ಅವರು ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ಹಿಡಿದುಕೊಂಡೇ ನಿಂತರು.

ಒಂದು ಗೊಂಚಲು ಸರೋಜಕ್ಕನಿಗೆ ಕೊಡಲು ಹೋದೆ. ಅವರು ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ನನ್ನ ಬರಿಗೈ ನೋಡಿ, "ಪೆಟ್ಟಿ ಬಿಟ್ಟು ಬಂದ್ಯಾ?" ಎಂದರು.

"ಹೂಂ. ಸೊಸೆ ಪೊಂಗಲಿಗೆ ಬರ್ತಾಳೆ. ಅಲ್ಲೇ ಇರಲಿ ಅಂದರು ಅತ್ತಿಗೆ."

"ಒಳ್ಳೇದಾಯ್ತು," ಎಂದು ಸರೋಜಕ್ಕ ಬೀಜ ಉಗುಳಿ, ಒಲೆಯ ಕಡೆ ತಿರುಗಿದರು. "ಕುಡಿಯೋ ನೀರು ಮಾತ್ರ ಕಾಯಿಸಿ ಕೊಡಕ್ಕೆ ಹೇಳು ನಿನ್ನ ಅತ್ತಿಗೆಗೆ. ಅಷ್ಟು ಚೆನ್ನಾಗಿ ಹಾಡೋ ಹುಡುಗಿ, ಗಂಟಲು ಕಟ್ಟಿದರೆ ಕಷ್ಟ."